ಕೋಲಾರದ ಐದು ಅಕ್ಷರ, ಇಂಗ್ಲಿಷ್ ಪದಗಳ ಬೇಟೆ

ಕೊಟ್ಟ ಅಕ್ಷರಗಳಿರುವ ಇಂಗ್ಲಿಷ್ ಪದ ಹುಡುಕುವ ಚಟ ನನಗೆ ಹತ್ತಿದ್ದು ಬಂಗಾರಪೇಟೆ–ಬೆಂಗಳೂರು ರೈಲಿನಲ್ಲಿ. ಪೇಪರಿನ ಒಗಟು ಬೇಗ ಮುಗಿದುಬಿಟ್ಟರೆ ನಾವೇ ಒಂದು ಊರಿನ ಹೆಸರು ಹಿಡಿದು ಶುರು ಮಾಡುತ್ತೇವೆ. ಟೇಕಲ್, ಮಾಲೂರು, ವೈಟ್‌ಫೀಲ್ಡ್, ಯಾವುದಾದರೂ ಆಗುತ್ತೆ. ಇಲ್ಲಿ ನಮ್ಮ ಕೋಲಾರವನ್ನೇ ಇಟ್ಟುಕೊಳ್ಳೋಣ. ಇಂಗ್ಲಿಷಿನಲ್ಲಿ ಐದು ಅಕ್ಷರ: ಕೆ, ಓ, ಎಲ್, ಎ, ಆರ್.

ಮೊದಲು ಕೇಳುತ್ತಿರುವುದು ಏನು ಅಂತ ಇತ್ಯರ್ಥ ಆಗಬೇಕು. ಐದೂ ಅಕ್ಷರ ಇರಬೇಕು, ಜೊತೆಗೆ ಬೇರೆಯವೂ ಬರಬಹುದು ಅನ್ನೋದು ಒಂದು ಆಟ. ಈ ಐದರೊಳಗೇ ಪದ ಕಟ್ಟಬೇಕು, ಹೊರಗಿನ ಅಕ್ಷರ ಬೇಡ ಅನ್ನೋದು ಬೇರೆ ಆಟ. ಐದನ್ನೂ ಒಂದೂ ಬಿಡದೆ, ಒಂದೂ ಸೇರಿಸದೆ ಬಳಸಬೇಕು ಅಂದರೆ ಅದು ಅನಗ್ರಾಮ್. ರೈಲಿನಲ್ಲಿ ನಡೆಯುವ ಜಗಳದಲ್ಲಿ ಅರ್ಧಕ್ಕರ್ಧ ಈ ಮೂರನ್ನು ಕಲಸುವುದರಿಂದಲೇ ಬರುತ್ತೆ. ಒಬ್ಬರು ‘ಲಾರ್ಕ್’ ಅನ್ನುತ್ತಾರೆ, ಇನ್ನೊಬ್ಬರು "ಅದರಲ್ಲಿ ಓ ಎಲ್ಲಿದೆ ಸಾರ್?" ಅಂತ ಎಗರುತ್ತಾರೆ. ಇಬ್ಬರದೂ ಸರಿ, ಆಡುತ್ತಿರುವ ಆಟ ಮಾತ್ರ ಬೇರೆ ಬೇರೆ.

ಎರಡನೆಯದು ಸುಲಭ. ಲಾರ್ಕ್, ಓರಲ್, ಓಕ್, ಓರ್, ಬೆಂಡೆಕಾಯಿಯ ಓಕ್ರಾ, ಹೀಗೆ ಸಿಗುತ್ತಾ ಹೋಗುತ್ತವೆ. ನನಗೆ ಇಷ್ಟ ಮೊದಲನೆಯದು. ಅದರಲ್ಲಿ ತಲೆಗೆ ಕೆಲಸ ಜಾಸ್ತಿ.

ನಾನು ಯಾವಾಗಲೂ ಅಪರೂಪದ ಅಕ್ಷರದಿಂದ ಹೊರಡುತ್ತೇನೆ. ಯಾವುದು ಅಪರೂಪ ಅಂತ ತಿಳಿಯಲು, ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಪೆಟ್ಟಿಗೆ ಸಾಕು. 1930ರ ದಶಕದಲ್ಲಿ ಕೆಲಸ ಕಳೆದುಕೊಂಡಿದ್ದ ಆಲ್ಫ್ರೆಡ್ ಬಟ್ಸ್ ಎಂಬ ಅಮೆರಿಕದ ಆರ್ಕಿಟೆಕ್ಟ್ ಪತ್ರಿಕೆಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತೆ ಅಂತ ಎಣಿಸಿ ಆ ಆಟ ಕಟ್ಟಿದರು. ಅದರ 100 ಬಿಲ್ಲೆಗಳಲ್ಲಿ ಎ 9, ಓ 8, ಆರ್ 6, ಎಲ್ 4. ಕೆ ಒಂದೇ ಒಂದು! ಹಾಗಾಗಿ ಎ ಹಿಡಿದು ಹೊರಟರೆ ದಾರಿ ಸಾವಿರ, ಕೆ ಹಿಡಿದರೆ ನಾಲ್ಕೈದು.

ಈಗ ಕೆ ಎಲ್ಲಿ ಕೂರುತ್ತೆ ಅಂತ ನೋಡಬೇಕು. ಇಂಗ್ಲಿಷಿನಲ್ಲಿ ಅದು ಪದದ ಕೊನೆಯಲ್ಲಿ, ಸಿ ಬೆನ್ನಿಗೆ ಅಂಟಿಕೊಂಡು ಬರುವುದೇ ಹೆಚ್ಚು. ಸಿ–ಕೆ ಅಂದ ತಕ್ಷಣ ‘ಲಾಕ್’ ನೆನಪಾಗಬೇಕು. ಅದರಲ್ಲಿ ಎಲ್, ಓ, ಕೆ ಮೂರೂ ಒಂದೇ ಏಟಿಗೆ ಸಿಕ್ಕವು. ಉಳಿದದ್ದು ಎ ಮತ್ತು ಆರ್. ಮುಂದೆ ‘ಏರ್’ ಇಟ್ಟರೆ ಏರ್‌ಲಾಕ್. ‘ವಾರ್’ ಇಟ್ಟರೆ ವಾರ್ಲಾಕ್, ಅಂದರೆ ಮಾಟಗಾರ. ದೋಣಿಯ ಹುಟ್ಟು ‘ಓರ್’ ಇಟ್ಟರೆ ಓರ್‌ಲಾಕ್. ‘ಲಾಕ್’ಗೆ ಒಂದು ಬಿ ಸೇರಿಸಿ ‘ಬ್ಲಾಕ್’ ಮಾಡಿದರೆ ರೋಡ್‌ಬ್ಲಾಕ್. ಒಂದು ತುಂಡಿನಿಂದ ನಾಲ್ಕು ಪದ.

ಇದು ಬರಿದಾದ ಮೇಲೆ ಆರ್–ಕೆ ಜೋಡಿ. ‘ವರ್ಕ್’ ಅಂದರೆ ಓ, ಆರ್, ಕೆ ಬಂದವು. ಎಲ್ ಮತ್ತು ಎ ಬೇಕು, ‘ಲೋಡ್’ನಲ್ಲಿ ಎರಡೂ ಇವೆ: ವರ್ಕ್‌ಲೋಡ್. ‘ಏಬಲ್’ನಲ್ಲೂ ಇವೆ: ವರ್ಕಬಲ್. ಆಮೇಲೆ ಎಲ್–ಕೆ. ‘ವಾಕ್’ ಜೊತೆಗೆ ‘ಓವರ್’: ವಾಕೋವರ್. ಪದವನ್ನು ಇಡಿಯಾಗಿ ಹುಡುಕಬಾರದು, ತುಂಡು ಹುಡುಕಬೇಕು ಅಂತ ನಾನು ಹೇಳುವುದು ಇದನ್ನೇ. ಅಕ್ಷರಗಳನ್ನು ಒಂದೇ ಸಾಲಿನಲ್ಲಿ ಬರೆದು ದಿಟ್ಟಿಸಿ ನೋಡಿದರೆ ಏನೂ ಹೊಳೆಯಲ್ಲ.

ಯಾವ ತುಂಡಿಗೂ ಸಿಗದ ಪದಗಳೂ ಇವೆ. ಒಂದು ದಿನ ಮಾಲೂರಿನಲ್ಲಿ ಹತ್ತುವ ನಮ್ಮ ಮೇಷ್ಟ್ರು ಪಟ್ಟಿ ನೋಡಿ, "ಏನ್ರಪ್ಪಾ, ಕೋಲಾರದವರಾಗಿ ಟೊಮೆಟೊ ತೂಗೋದು ಮರೆತ್ರಾ?" ಅಂದರು. ಕಿಲೋಗ್ರಾಮ್! ಐದೂ ಅಕ್ಷರ ಅದರಲ್ಲಿ ಇವೆ. ಕೆ ಮೊದಲಿಗೇ ಬರುವ ಪದ, ಅದಕ್ಕೇ ನಮ್ಮ ಬಲೆಗೆ ಬಿದ್ದಿರಲಿಲ್ಲ.

ಮನೆಗೆ ಬಂದ ಮೇಲೆ ಲ್ಯಾಪ್‌ಟಾಪಿನಲ್ಲಿ ತಾಳೆ ನೋಡುತ್ತೇನೆ. ವಿಂಡೋಸ್ ಬದಲು ನಾನು ಹಾಕಿಕೊಂಡಿರುವ ಉಬುಂಟುವಿನಲ್ಲಿ ‘ವರ್ಡ್ಸ್’ ಅನ್ನೋ ಫೈಲ್ ಇರುತ್ತೆ, ಸಾಲಿಗೊಂದರಂತೆ ಲಕ್ಷದಷ್ಟು ಪದ. ಅದರಲ್ಲಿ ಜನರ, ಊರುಗಳ ಹೆಸರು, ಅಪಾಸ್ಟ್ರಫಿ ಇರುವ ರೂಪಗಳು ಎಲ್ಲ ತುಂಬಿರುತ್ತವೆ, ಮೊದಲು ಅವನ್ನು ಕಿತ್ತುಹಾಕಬೇಕು. ಆಟಕ್ಕೆ ಅಂತಲೇ ಬೇಕಿದ್ದರೆ ‘ಎನೇಬಲ್’ ಅನ್ನೋ ಪಟ್ಟಿ ಪುಕ್ಕಟೆಯಾಗಿ ಸಿಗುತ್ತೆ, 1,70,000ಕ್ಕೂ ಹೆಚ್ಚು ಪದ. ನನಗೆ ಅದೇ ವಾಸಿ.

ಹುಡುಕಲು ‘ಗ್ರೆಪ್’ ಅನ್ನೋ ಕಮಾಂಡ್ ಇದೆ, ಕೇಳಿದ ಅಕ್ಷರ ಇರುವ ಸಾಲುಗಳನ್ನು ಫೈಲಿನಿಂದ ಆರಿಸಿ ಕೊಡುತ್ತೆ. ಐದೂ ಇರಬೇಕಾದರೆ ಐದು ಸಲ ಗ್ರೆಪ್. ಮೊದಲ ಗ್ರೆಪ್ ಕೆ ಇರುವ ಸಾಲುಗಳನ್ನು ಮಾತ್ರ ಮುಂದಕ್ಕೆ ಬಿಡುತ್ತೆ, ಅವು ಪೈಪ್ (ಒಂದು ಕಮಾಂಡಿನ ಉತ್ತರವನ್ನು ಮುಂದಿನದಕ್ಕೆ ದಾಟಿಸುವ ಗೆರೆ ಚಿಹ್ನೆ) ದಾಟಿ ಓ ಹುಡುಕುವ ಗ್ರೆಪ್‌ಗೆ ಹೋಗುತ್ತವೆ, ಹೀಗೆ ಆರ್‌ವರೆಗೆ. ಯಾವ ಕ್ರಮದಲ್ಲಿ ಇಟ್ಟರೂ ಉತ್ತರ ಒಂದೇ.

ಐದರೊಳಗೇ ಕಟ್ಟುವ ಆಟದಲ್ಲಿ ಮಾತ್ರ ಒಂದು ತೊಡಕು ಇದೆ. ಗ್ರೆಪ್‌ಗೆ ಚೌಕ ಬ್ರ್ಯಾಕೆಟ್ಟಿನಲ್ಲಿ ಐದು ಅಕ್ಷರ ಹಾಕಿ, ಸಾಲಿನ ಮೊದಲಿಂದ ಕೊನೆವರೆಗೆ ಇವು ಮಾತ್ರ ಇರಲಿ ಅಂದರೆ ಓಕ್ರಾ ಜೊತೆಗೆ ಕೋಆಲಾ, ಲುಕ್, ರೋರ್ ಕೂಡ ಬರುತ್ತವೆ. ಕೋಆಲಾದಲ್ಲಿ ಎ ಎರಡು ಸಲ ಇದೆ, ನಮ್ಮ ಕೈಯಲ್ಲಿರುವುದು ಒಂದೇ. ಬ್ರ್ಯಾಕೆಟ್ಟಿಗೆ ಲೆಕ್ಕ ಬರಲ್ಲ. ಅದಕ್ಕೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿರುವ, ಎಣಿಸಿ ಕೊಡುವ ‘ಕೌಂಟರ್’ ಬಳಸುತ್ತೇನೆ. ಪದದಲ್ಲಿ ಪ್ರತಿ ಅಕ್ಷರ ಎಷ್ಟಿದೆ, ನನ್ನ ಹತ್ತಿರ ಎಷ್ಟಿದೆ ಅಂತ ಹೋಲಿಸಿ, ಹೆಚ್ಚಾದರೆ ಪದವನ್ನು ಬಿಡುವುದು. ನಾಲ್ಕೈದು ಸಾಲಿನ ಪ್ರೋಗ್ರಾಮ್, ಅಷ್ಟೇ.

ಅನಗ್ರಾಮ್‌ಗೆ ಇದಕ್ಕಿಂತ ಚೆಂದದ ಉಪಾಯ ಇದೆ. ಪದದ ಅಕ್ಷರಗಳನ್ನು ಎ–ಬಿ–ಸಿ ಕ್ರಮದಲ್ಲಿ ಜೋಡಿಸಿ. ಶ್ರೀನಿವಾಸಪುರದ ‘ಮ್ಯಾಂಗೋ’ ತೆಗೆದುಕೊಂಡರೆ ಎ, ಜಿ, ಎಮ್, ಎನ್, ಓ. ‘ಅಮಂಗ್’ ಅನ್ನೂ ಜೋಡಿಸಿ, ಅದೇ ಬರುತ್ತೆ. ಇಡೀ ಪಟ್ಟಿಗೆ ಒಮ್ಮೆ ಹೀಗೆ ಮಾಡಿ, ಒಂದೇ ಜೋಡಣೆ ಬಂದವನ್ನು ಒಟ್ಟಿಗೆ ಇಟ್ಟರೆ ಆಮೇಲೆ ಹುಡುಕುವ ಕೆಲಸವೇ ಇಲ್ಲ. ಕೋಲಾರಕ್ಕೆ ಮಾತ್ರ ಅಂಥ ಜೋಡಿ ನನಗೆ ಸಿಕ್ಕಿಲ್ಲ.

ಐದಕ್ಷರದ ಗುಟ್ಟಿನ ಪದ ಊಹಿಸುವ ವರ್ಡಲ್ ಆಡುವವರಿಗೂ ಇದೇ ಗ್ರೆಪ್ ಸರಪಳಿ ನಡೆಯುತ್ತೆ. ಊಹಿಸಿದ ಅಕ್ಷರಕ್ಕೆ ಹಳದಿ ಬಣ್ಣ ಬಂದರೆ ‘ಇದೆ, ಆದರೆ ಈ ಜಾಗದಲ್ಲಿ ಅಲ್ಲ’ ಅಂತ ಇನ್ನೊಂದು ಗ್ರೆಪ್ ಸೇರಿಸಿದರಾಯಿತು. ಲ್ಯಾಪ್‌ಟಾಪ್ ಇಲ್ಲದವರು ಇಂಥ ಕಮಾಂಡ್ ಓಡಿಸುವ ಟರ್ಮಕ್ಸ್ ಆ್ಯಪನ್ನು ಆಂಡ್ರಾಯ್ಡ್ ಫೋನಿಗೆ ಹಾಕಿಕೊಳ್ಳಬಹುದು, ಪಟ್ಟಿಯ ಫೈಲ್ ಒಂದನ್ನು ಫೋನಿಗೆ ಇಳಿಸಿಕೊಂಡಿದ್ದರೆ ನೆಟ್ ಕೂಡ ಬೇಡ. ಆದರೆ ರೈಲಿನಲ್ಲಿ ಅದನ್ನು ತೆಗೆದರೆ ನಮ್ಮ ಮೇಷ್ಟ್ರು ಪಕ್ಕದಲ್ಲಿ ಕೂರಿಸಿಕೊಳ್ಳಲ್ಲ.