ಇಂಗ್ಲಿಷ್ ಸುದ್ದಿಯಲ್ಲಿ ಆಡುಮಾತು: ಯಾವುದನ್ನು ಉಳಿಸಬೇಕು, ಯಾವುದನ್ನು ತಿದ್ದಬೇಕು

ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗಳ ಡೆಸ್ಕಿಗೆ (ವರದಿ ತಿದ್ದುವ ವಿಭಾಗಕ್ಕೆ) ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಹುಡುಗಿಯರು ಬಂದು ಸೇರಿದಾಗ ನನಗೆ ತುಂಬಾ ಖುಷಿಯಾಗುತ್ತದೆ. ಕಾಪಿ ತಿದ್ದುತ್ತಲೇ ತಲೆ ನರೆತವಳು ನಾನು. ‘ಮೇಡಂ, ಮಾತಾಡೋ ಇಂಗ್ಲಿಷನ್ನ ಸುದ್ದೀಲಿ ಎಷ್ಟು ಬಳಸಬಹುದು?’ ಅಂತ ಅವರು ಕೇಳುತ್ತಿರುತ್ತಾರೆ.

ಆ ಮಾತು ಯಾರದು ಅಂತ ಮೊದಲು ನೋಡಿ. ಉದ್ಧರಣ ಚಿಹ್ನೆಯ ಒಳಗಿದ್ದರೆ ಆಡಿದವರದು, ಹೊರಗಿದ್ದರೆ ನಿಮ್ಮದು. ನಿಮ್ಮದರಲ್ಲಿ ಬಿಗಿ ಇರಲಿ. ಠಾಣೆಯಿಂದ ಫೋನಿನಲ್ಲಿ ‘ಸ್ಪಾಟ್ ಡೆತ್’ ಅಂತಾರೆ, ಆಸ್ಪತ್ರೆಯಲ್ಲಿ ‘ಎಕ್ಸ್‌ಪೈರ್ಡ್’ ಅಂತಾರೆ. ನೀವು ‘ಡೈಡ್’ ಎಂದೇ ಬರೆಯಿರಿ. ಸತ್ತವರ ಮನೆಯವರೂ ಆ ಸಾಲು ಓದುತ್ತಾರೆ. ‘ಕಾಪ್’, ‘ಟೆಕ್ಕಿ’ ಒಂದು ಕಾಲಂ ಶೀರ್ಷಿಕೆಯಲ್ಲಿ ಹಿಡಿಸುವ ಚಿಕ್ಕ ಪದಗಳು, ಅಲ್ಲಿಗೇ ಸಾಕು. ಸುದ್ದಿಯೊಳಗೆ ಕಾನ್‌ಸ್ಟೆಬಲ್ಲೋ ಇನ್‌ಸ್ಪೆಕ್ಟರೋ ಅಂತ ಬಿಡಿಸಿ ಹೇಳಿ.

ಊರಿನ ಇಂಗ್ಲಿಷನ್ನು ಮಾತ್ರ ಮುಟ್ಟಬೇಡಿ. ಕ್ರಾಸ್, ಮೇನ್, ಲೇಔಟ್, ಪಿಜಿ, ಲಕ್ಷ, ಕೋಟಿ, ಇವೆಲ್ಲ ಇಲ್ಲಿಯ ಓದುಗರು ದಿನಾ ಬಳಸುವ ಪದಗಳು. ಮಲ್ಲೇಶ್ವರದ 8ನೇ ಕ್ರಾಸ್ 8ನೇ ಕ್ರಾಸ್ ಆಗಿಯೇ ಇರಲಿ. ‘ಹೋಟೆಲ್’ ವಿಷಯದಲ್ಲಿ ಮಾತ್ರ ಎಚ್ಚರ. ಗಾಂಧಿ ಬಜಾರಿನಲ್ಲಿ ನಮಗೆ ಹೋಟೆಲ್ ಅಂದರೆ ದೋಸೆ ತಿನ್ನುವ ಜಾಗ. ‘ಹೋಟೆಲಿಗೆ ಬೆಂಕಿ’ ಅಂತ ಬರೆದರೆ, ಒಳಗೆ ಜನ ಮಲಗಿದ್ದರೇನೋ ಅಂತ ಹೊರಗಿನ ಓದುಗರು ಗಾಬರಿಯಾಗುತ್ತಾರೆ. ‘ರೆಸ್ಟೋರೆಂಟ್’ ಅನ್ನಿ.

ಇನ್ನು ಉದ್ಧರಣ ಚಿಹ್ನೆಯೊಳಗಿನ ಮಾತು. ವ್ಯಾಕರಣ ತಪ್ಪಿದ್ದರೂ ತಿದ್ದಬಾರದು ಎನ್ನುತ್ತದೆ ಎಪಿ ಸುದ್ದಿಸಂಸ್ಥೆಯ ಶೈಲಿ ಕೈಪಿಡಿ. ರಾಯಿಟರ್ಸ್ ಸುದ್ದಿಸಂಸ್ಥೆಯ ಕೈಪಿಡಿ ಸ್ವಲ್ಪ ಸಡಿಲ: ವ್ಯಾಕರಣದ ತಪ್ಪೊಂದನ್ನು ತಿದ್ದುವುದು ಸರಿಯಿರಬಹುದು, ಇಡೀ ಮಾತನ್ನೇ ಬದಲಿಸಿ ಬರೆಯಬಾರದು ಎನ್ನುತ್ತದೆ. ‘ಗೋಯಿಂಗ್ ಟು’ ಬದಲು ‘ಗೊನ್ನಾ’ ಅಂತ ಬರೆಯುವ ಥರ, ಉಚ್ಚಾರಣೆಯನ್ನೇ ಕಾಗುಣಿತ ಮಾಡುವ ರೂಢಿಯೂ ಎಪಿಗೆ ಬೇಡ. ಅದು ಸರಿ, ಆದರೆ ನನಗೆ ಸಂಕಟ ತರುವ ಸಂಗತಿ ಬೇರೆ: ಮಂತ್ರಿಗಳ ತಡವರಿಕೆ ಡೆಸ್ಕಿನಲ್ಲಿ ನಯವಾಗುತ್ತದೆ, ಆಟೊದವರ ಹರಕು ಇಂಗ್ಲಿಷ್ ಹಾಗೆಹಾಗೇ ಅಚ್ಚಾಗುತ್ತದೆ. ಇದು ಅನ್ಯಾಯ. ಇಬ್ಬರಿಗೂ ಒಂದೇ ನಿಯಮ ಇರಲಿ. ಮಾತು ತೊಡಕಾಗಿದ್ದರೆ ಚಿಹ್ನೆ ತೆಗೆದು ತಾತ್ಪರ್ಯ ಬರೆಯಿರಿ. ಅದಕ್ಕಿಂತ ಒಳ್ಳೆಯದು, ‘ಅಣ್ಣ, ಕನ್ನಡದಲ್ಲೇ ಹೇಳಿ’ ಅನ್ನಿ. ನಿಮಗೆ ಕನ್ನಡ ಬರುತ್ತದೆ, ಎಷ್ಟೋ ವರದಿಗಾರರಿಗೆ ಬರುವುದಿಲ್ಲ.

ಕನ್ನಡದಲ್ಲಿ ಹೇಳಿಸಿಕೊಂಡ ಮೇಲೆ ಕಷ್ಟದ ಕೆಲಸ ಶುರು. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂ ಮಾರುವ ಹೆಂಗಸೊಬ್ಬರು ‘ಮಳೆ ಬಂದ್ರೆ ನಮ್ ಕತೆ ಮುಗೀತು ಕಣಮ್ಮ’ ಅಂದರು ಎನ್ನೋಣ. ‘ವಿ ಆರ್ ಟೋಟಲಿ ಸ್ಕ್ರೂಡ್’ ಅಂತ ಬರೆದರೆ ಆಕೆಯ ಬಾಯಿಗೆ ಕಾಲೇಜು ಕ್ಯಾಂಟೀನಿನ ಭಾಷೆ ತುರುಕಿದಿರಿ. ‘ಅವರ್ ಸ್ಟೋರಿ ಈಸ್ ಓವರ್’ ಅಂದರೆ ಆಕೆಗೆ ಮಾತೇ ಬರುವುದಿಲ್ಲ ಅನ್ನಿಸುತ್ತದೆ. ‘ಇಫ್ ಇಟ್ ರೇನ್ಸ್, ವಿ ಆರ್ ಫಿನಿಶ್ಡ್’ ಸಾಕು. ಆಕೆ ಆಡಿದ್ದೂ ಅಷ್ಟೇ ಚಿಕ್ಕ ಮಾತು, ಅಷ್ಟೇ ನೇರ. ‘ಶಿ ಸೆಡ್ ಇನ್ ಕನ್ನಡ’ ಅಂತ ಸೇರಿಸಿ, ಅನುವಾದ ನಿಮ್ಮದು ಅಂತ ಓದುಗರಿಗೆ ಗೊತ್ತಾಗಲಿ. ‘ಕಣಮ್ಮ’ ಇಂಗ್ಲಿಷಿಗೆ ಬರುವುದಿಲ್ಲ. ಬಿಟ್ಟುಬಿಡಿ, ‘ಡಿಯರ್’ ಅಂತ ಹಚ್ಚಬೇಡಿ.

‘ಡೋಂಟ್’, ‘ಕಾಂಟ್’ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ನುಡಿಚಿತ್ರದಲ್ಲಿ ಚೆನ್ನಾಗಿರುತ್ತವೆ, ಕೋರ್ಟ್ ವರದಿಯಲ್ಲಿ ಬೇಡ.

ಪುಟ ಕಳಿಸುವ ಮುಂಚೆ ಕಾಪಿಯನ್ನು ಒಮ್ಮೆ ಗಟ್ಟಿಯಾಗಿ ಓದಿ. ವಾಕ್ಯದ ಕೊನೆಗೆ ಅಂಟಿಕೊಂಡ ನಮ್ಮ ‘ಓನ್ಲಿ’ಗಳು ಆಗ ಕಿವಿಗೆ ಬೀಳುತ್ತವೆ. ಅನುವಾದಿಸಿದ ಮಾತಿನ ಬಗ್ಗೆ ಅನುಮಾನವಿದ್ದರೆ ಹೇಳಿದವರಿಗೇ ಫೋನ್ ಮಾಡಿ, ‘ನಿಮ್ ಮಾತು ಹೀಗೆ ಹಾಕ್ತಿದೀವಿ, ಸರೀನಾ?’ ಅಂತ ಕನ್ನಡದಲ್ಲಿ ವಿವರಿಸಿ ಕೇಳಿ. ಎರಡು ನಿಮಿಷದ ಕೆಲಸ. ರಾತ್ರಿ ಡೆಡ್‌ಲೈನ್ ಹತ್ತಿರವಿದ್ದರೂ ಅದನ್ನು ತಪ್ಪಿಸಬೇಡಿ.