ಕೆಳಗಿನ ಕೋಣೆಯ ಪಸೆ: ನಮ್ಮ ಹಳೆ ಮನೆಯಲ್ಲಿ ಏನೇನು ಮಾಡಿದೆವು

ಮಂಗಳೂರಿನ ಕದ್ರಿ ಕಡೆಯ ಇಳಿಜಾರಿನಲ್ಲಿ ನಮ್ಮ ಮನೆ. ಎದುರಿನಿಂದ ನೋಡಿದರೆ ಒಂದೇ ಅಂತಸ್ತು. ಹಿಂದಿನಿಂದ ಬಂದರೆ ಕೆಳಗೊಂದು ಕೋಣೆ ಇದೆ. ಅದರ ಎದುರು ಗೋಡೆ ನಾಲ್ಕಡಿಯಷ್ಟು ಅಂಗಳದ ಮಣ್ಣಿನೊಳಗೇ ಇದೆ. ಮೊದಲೆಲ್ಲ ಅಲ್ಲಿ ತೆಂಗಿನಕಾಯಿ, ಸೌದೆ ಹಾಕುತ್ತಿದ್ದರು. ನಮಗೆ ಅದು ಕೂತು ಕೆಲಸ ಮಾಡುವ ಕೋಣೆ ಆಗಬೇಕಿತ್ತು. ಆದರೆ ಜೂನ್ ಬಂತೆಂದರೆ ಗೋಡೆ ಒದ್ದೆ, ಬಟ್ಟೆಗೆ ಬೂಷ್ಟು, ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ. ಆಚೀಚೆ ಮಳೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಗೋಡೆಯೋ ಮುರಕಲ್ಲಿನದ್ದು. ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು, ಆದರೆ ಮೈತುಂಬ ತೂತು. ಹಿಂದೆ ಒದ್ದೆ ಮಣ್ಣಿದ್ದರೆ ಅದು ನೀರು ಹೀರದೆ ಇರುವುದಿಲ್ಲ.

ಪಸೆ ಎಲ್ಲಿಂದ ಬರುತ್ತದೆ ಅಂತ ಗೊತ್ತಾಗದೆ ದುಡ್ಡು ಖರ್ಚು ಮಾಡಬಾರದು. ಅದಕ್ಕೆ ಸುಲಭದ ಪರೀಕ್ಷೆ ಇದೆ. ಒಂದಡಿ ಚೌಕದ ದಪ್ಪ ಪ್ಲಾಸ್ಟಿಕ್ ತುಂಡನ್ನು ಗೋಡೆಗೆ ಇಟ್ಟು ನಾಲ್ಕೂ ಬದಿ ಟೇಪು ಅಂಟಿಸಿ, ಎರಡು ದಿನ ಬಿಡಿ. ಪ್ಲಾಸ್ಟಿಕ್ಕಿನ ಹಿಂದೆ ನೀರಿನ ಹನಿ ಕಂಡರೆ ಗೋಡೆಯಿಂದ ಬರುತ್ತಿದೆ ಎಂದರ್ಥ. ಮುಂದೆ, ಅಂದರೆ ಕೋಣೆಯ ಕಡೆ ಕಂಡರೆ ಅದು ಗಾಳಿಯ ನೀರು. ನಮ್ಮಲ್ಲಿ ಮಣ್ಣಿನ ಬದಿಯ ಗೋಡೆಯಲ್ಲಿ ಹಿಂದೆ, ಉಳಿದ ಗೋಡೆಗಳಲ್ಲಿ ಮುಂದೆ. ಅಂದರೆ ಎರಡೂ ಕಾಯಿಲೆ ಇತ್ತು. ಔಷಧಿ ಬೇರೆ ಬೇರೆ.

ಹಳಬರು ಯಾರೋ ಆ ಗೋಡೆಗೆ ಒಳಗಿನಿಂದ ಸಿಮೆಂಟ್ ಗಾರೆ ಮಾಡಿಸಿ ಮೇಲೆ ಪೇಂಟ್ ಹೊಡೆಸಿದ್ದರು. ಬೆರಳ ಗಂಟಿನಿಂದ ತಟ್ಟಿದರೆ ಅಲ್ಲಲ್ಲಿ ಟೊಳ್ಳು ಸದ್ದು. ಪೇಂಟಿನ ಗುಳ್ಳೆಯೊಂದನ್ನು ಉಗುರಿನಿಂದ ಒಡೆದಾಗ ಒಳಗಿನಿಂದ ಬಿಳೀ ಪುಡಿ ಉದುರಿತು. ಅದು ಉಪ್ಪು. ನೀರು ಮಣ್ಣಿನಿಂದ, ಕಲ್ಲಿನಿಂದ ಉಪ್ಪನ್ನು ಕರಗಿಸಿಕೊಂಡು ಬರುತ್ತದೆ. ಹೊರಗೆ ಆರಲು ದಾರಿ ಸಿಗದಿದ್ದರೆ ಪೇಂಟಿನ ಹಿಂದೆಯೇ ಹರಳುಗಟ್ಟಿ ಗಾರೆಯನ್ನು ನೂಕುತ್ತದೆ. ನೀರು ನಿಲ್ಲಿಸುವ ಪೇಂಟ್ ಎಷ್ಟು ದುಬಾರಿಯದಾದರೂ ಒಳಗಿನಿಂದ ಹೊಡೆದರೆ ಇದೇ ಗತಿ. ನಮ್ಮ ಮೇಸ್ತ್ರಿ ಮೊದಲ ದಿನವೇ ಹೇಳಿದರು: "ಹೊರಗೆ ಕಣಿ ತೆಗೆಯದೆ ಒಳಗೆ ಎಷ್ಟು ಗಾರೆ ಮಾಡಿದರೂ ನಿಲ್ಲುವುದಿಲ್ಲ ಮಾರಾಯ್ರೆ." ಕಣಿ ಅಂದರೆ ನೀರು ಹರಿದು ಹೋಗಲು ತೋಡುವ ಕಾಲುವೆ.

ಹಾಗಾಗಿ ಮೊದಲು ಹೊರಗಿನ ಕೆಲಸ. ಹಂಚಿನ ಮಾಡಿನ ನೀರು ನೇರ ಗೋಡೆಯ ಬುಡಕ್ಕೆ ಬೀಳುತ್ತಿತ್ತು. ದಂಬೆ (ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ದೋಣಿ) ಕಟ್ಟಿಸಿ, ಪೈಪಿನಲ್ಲಿ ಇಳಿಸಿ, ಮನೆಯ ಕೆಳಬದಿಗೆ ಬಿಟ್ಟೆವು. ಅಂಗಳದ ಇಳಿಜಾರು ಮನೆಯ ಕಡೆಗೇ ಇತ್ತು, ಅದನ್ನು ತಿರುಗಿಸಿದೆವು. ಇಷ್ಟಕ್ಕೇ ತುಂಬ ವ್ಯತ್ಯಾಸ ಆಗುತ್ತದೆ, ಖರ್ಚೂ ಕಡಿಮೆ. ಇದನ್ನು ಬಿಟ್ಟು ಬೇರೆ ಏನನ್ನೂ ಶುರು ಮಾಡಬೇಡಿ.

ಆಮೇಲೆ ಗೋಡೆಯುದ್ದಕ್ಕೂ ಕಣಿ. ಇದನ್ನು ಬೇಸಿಗೆಯಲ್ಲೇ ಮಾಡಬೇಕು. ಒಂದೇ ಸಲ ಪೂರ್ತಿ ಅಗೆಯಬಾರದು, ಹಳೆ ಪಂಚಾಂಗ (ಅಡಿಪಾಯ) ಅಲುಗಿದರೆ ಮನೆಗೇ ಅಪಾಯ. ನಾವು ತುಂಡು ತುಂಡಾಗಿ ಅಗೆಸಿದೆವು, ಒಂದು ತುಂಡು ತುಂಬಿದ ಮೇಲೆ ಇನ್ನೊಂದು. ಆಳ ಕೋಣೆಯ ನೆಲಕ್ಕಿಂತ ಸ್ವಲ್ಪ ಕೆಳಗೆ, ಪಂಚಾಂಗದ ತಳಕ್ಕಿಂತ ಮೇಲೆ. ಅಡಿಯಲ್ಲಿ ಜಲ್ಲಿ, ಅದರ ಮೇಲೆ ತೂತಿರುವ ಪೈಪು, ತೂತು ಕೆಳಮುಖ, ನೂರಡಿಗೆ ಒಂದಡಿ ಇಳಿಜಾರು. ಮತ್ತೆ ಜಲ್ಲಿ. ಸುತ್ತ ನೀರು ಸೋಸುವ ಬಟ್ಟೆ ಸುತ್ತಿಸಬೇಕು, ಇಲ್ಲದಿದ್ದರೆ ನಮ್ಮ ಕೆಂಪು ಮಣ್ಣು ಬೇಗ ಜಲ್ಲಿಯ ಸಂದಿ ಮುಚ್ಚಿಬಿಡುತ್ತದೆ. ಪೈಪಿನ ಬಾಯಿ ಮನೆಯ ಕೆಳಬದಿಯಲ್ಲಿ ಹೊರಗೆ ಕಾಣುವ ಹಾಗಿರಲಿ.

ಒಳಗೆ ಸಿಮೆಂಟ್ ಗಾರೆಯನ್ನೆಲ್ಲ ಕಿತ್ತು, ಉಪ್ಪನ್ನು ಒಣ ಬ್ರಶ್ಶಿನಲ್ಲಿ ಉಜ್ಜಿ ಗುಡಿಸಿದೆವು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ಒಂದು ಮಳೆಗಾಲ ಕಲ್ಲನ್ನು ಹಾಗೇ ಬಿಟ್ಟೆವು. ನೋಡಲು ಚಂದ ಇರಲಿಲ್ಲ, ಆದರೆ ಕಣಿ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲು ಬೇರೆ ದಾರಿ ಇಲ್ಲ. ಮುಂದಿನ ಬೇಸಿಗೆಯಲ್ಲಿ ಸುಣ್ಣದ ಗಾರೆ. ಒಂದು ಪಾಲು ಅರಳಿಸಿದ ಸುಣ್ಣ, ಮೂರು ಪಾಲು ಹೊಯ್ಗೆ (ಮರಳು), ತೆಳ್ಳಗೆ ಪದರ ಪದರವಾಗಿ. ಸುಣ್ಣದ ಗಾರೆಗೆ ತಾಳ್ಮೆ ಬೇಕು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುವ ವಸ್ತು ಅದು. ಈ ಕೆಲಸ ಗೊತ್ತಿರುವವರು ಈಗ ಕಡಿಮೆ. ಸಿಕ್ಕಿದರೆ ಬಿಡಬೇಡಿ. ಮೇಲೆ ಪೇಂಟ್ ಬೇಡ, ಸುಣ್ಣವನ್ನೇ ಬಳಿಯಿರಿ. ಗೋಡೆಯ ಪಸೆ ಅದರ ಮೂಲಕ ಆರಿ ಹೋಗುತ್ತದೆ.

ಇನ್ನು ಗಾಳಿಯ ನೀರು. "ಕಿಟಕಿ ತೆಗೆದಿಡಿ, ಗಾಳಿ ಆಡಲಿ" ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಡಿಸೆಂಬರ್, ಜನವರಿಯಲ್ಲಿ ಅದು ಸರಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ತಪ್ಪು. ಆಗ ಹೊರಗಿನ ಗಾಳಿಯಲ್ಲೇ ನೀರು ತುಂಬಿರುತ್ತದೆ. ಅದು ಕೆಳಗಿನ ಕೋಣೆಯ ತಣ್ಣಗಿನ ಗೋಡೆ, ನೆಲಕ್ಕೆ ತಾಗಿದ ಕೂಡಲೇ ಹನಿಯಾಗುತ್ತದೆ. ಮಳೆಗಾಲದಲ್ಲಿ ನಾವು ಕಿಟಕಿ ಮುಚ್ಚಿ, ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಮೆಶಿನ್ ಹಾಕುತ್ತೇವೆ. ಅದರ ನೀರನ್ನು ಪೈಪಿನಲ್ಲಿ ಹೊರಗೆ ಬಿಟ್ಟಿದ್ದೇವೆ, ಇಲ್ಲದಿದ್ದರೆ ಡಬ್ಬಿ ತುಂಬಿ ಮೆಶಿನ್ ನಿಂತುಬಿಡುತ್ತದೆ. ಗೋಡೆಯಲ್ಲೊಂದು ತೇವಾಂಶ ಮಾಪಕ ಇದೆ. ಅದು ಶೇಕಡಾ 60ಕ್ಕಿಂತ ಕೆಳಗಿದ್ದರೆ ಬೂಷ್ಟು ಹಿಡಿಯುವುದು ಕಡಿಮೆ. ಕರೆಂಟ್ ಬಿಲ್ ಜಾಸ್ತಿ ಬರುತ್ತದೆ, ನಿಜ. ಆದರೆ ಅಮ್ಮನಿಗೆ ಮಳೆಗಾಲದಲ್ಲಿ ಬರುತ್ತಿದ್ದ ಕೆಮ್ಮು ಕಡಿಮೆಯಾಗಿದೆ. ನನಗೆ ಅದು ಸಾಕು.

ವಯರಿಂಗ್ ಮರೆಯಬೇಡಿ. ಒದ್ದೆ ಗೋಡೆಯ ಸ್ವಿಚ್ ಬೋರ್ಡುಗಳನ್ನೆಲ್ಲ ಒಣಗಿದ ಬದಿಗೆ ಹಾಕಿಸಿ, ಕರೆಂಟ್ ಸೋರಿಕೆಯಾದರೆ ತಾನೇ ಕಡಿಯುವ ಆರ್‌ಸಿಸಿಬಿ ಸ್ವಿಚ್ ಹಾಕಿಸಿದೆವು.

ಕೋಣೆ ಪೂರ್ತಿ ಒಣಗಿದೆ ಅಂತ ಹೇಳಲಾರೆ. ಜೋರು ಮಳೆ ಹಿಡಿದರೆ ಮಣ್ಣಿನ ಬದಿಯ ಗೋಡೆಯ ಬುಡದಲ್ಲಿ ಒಂದು ಗೇಣು ಈಗಲೂ ಕಪ್ಪಾಗುತ್ತದೆ. ಮಣ್ಣಿಗೆ ತಾಗಿ ನಿಂತ ಹಳೆ ಗೋಡೆಯಲ್ಲಿ ಅಷ್ಟು ಇದ್ದೇ ಇರುತ್ತದೆ. ಆ ಬದಿಗೆ ಕಪಾಟು ಇಡುವುದಿಲ್ಲ. ಉಳಿದ ಕಡೆಯೂ ಗೋಡೆಯಿಂದ ನಾಲ್ಕು ಇಂಚು ಬಿಟ್ಟು ಕಬ್ಬಿಣದ ರ‍್ಯಾಕು. ರಟ್ಟಿನ ಪೆಟ್ಟಿಗೆ, ಅಕ್ಕಿ ಕೆಳಗೆ ಬೇಡವೇ ಬೇಡ. ಮೇ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ ದಂಬೆಯ ಕಸ ತೆಗೆದು, ಮೇಲಿನಿಂದ ಬಕೆಟ್ ನೀರು ಸುರಿದು, ಪೈಪಿನ ಬಾಯಿಯಲ್ಲಿ ಹರಿಯುತ್ತದೋ ನೋಡುತ್ತೇವೆ. ಬುಡದ ಸುಣ್ಣ ಉದುರಿದ್ದರೆ ಅಷ್ಟನ್ನೇ ಕೆರೆದು ಮತ್ತೆ ಬಳಿಯುತ್ತೇವೆ.