ಗಟ್ಟಿ ಶಾಕ್ ಅಲ್ಲ, ನಿಮ್ಮ ತೂಕದ ಶಾಕ್ ಬೇಕು

ಮೂರು ವರ್ಷದ ಹಿಂದೆ ನನ್ನ ಬೈಕಿನ ಹಿಂದಿನ ಶಾಕ್ ಬದಲಾಯಿಸಿದೆ. ಗ್ಯಾರೇಜಿನಲ್ಲಿ ಶಾಕಬ್ಸರ್ ಅಂತಾರಲ್ಲ, ಅದೇ. ಚಿಕ್ಕಮಗಳೂರಿನ ಆಲ್ದೂರು ಕಡೆಯ ತೋಟದ ರಸ್ತೆ, ದಿನಾ ಗುಂಡಿ, ದಿನಾ ಧಡ್ ಅನ್ನುವ ಸದ್ದು, ಸಾಕಾಗಿ ಹೋಗಿತ್ತು. ಅಂಗಡಿಯವರು "ಇದು ಹೆವಿ ಡ್ಯೂಟಿ, ಹಾಕಿಸ್ಕೊಳ್ಳಿ" ಅಂದರು. ಸ್ಪ್ರಿಂಗನ್ನು ಅದುಮಿ ಹಿಡಿಯುವ ಬಳೆಯಂಥ ಕಾಲರ್ ಪೂರ್ತಿ ಬಿಗಿ ಮಾಡಿ ಕೊಟ್ಟರು. ವಾರದೊಳಗೆ ಒಂದು ಇಳಿಜಾರಿನ ತಿರುವಿನಲ್ಲಿ, ಮಳೆನೀರು ಹರಿದು ಆಗಿದ್ದ ಸಣ್ಣ ಕೊರಕಲು ದಾಟುವಾಗ, ಹಿಂದಿನ ಚಕ್ರ ನೆಲ ಬಿಟ್ಟು ಪಕ್ಕಕ್ಕೆ ಜಾರಿತು. ಹಿಂದೆ ಕೂತಿದ್ದ ತಮ್ಮನ ಮೊಣಕಾಲಿನ ಚರ್ಮ ಕಿತ್ತು ಬಂತು. ಶಾಕ್ ಕೆಟ್ಟದ್ದೇನೂ ಆಗಿರಲಿಲ್ಲ. ನನಗಿಂತ ಮೂವತ್ತು ಕೆ.ಜಿ. ಜಾಸ್ತಿ ಇರುವವರಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಶಾಕಿನ ಕೆಲಸ ಗಟ್ಟಿಯಾಗಿ ನಿಲ್ಲುವುದಲ್ಲ. ಟೈರನ್ನು ನೆಲಕ್ಕೆ ಅಂಟಿಸಿ ಇಡುವುದು. ಚಾರ್ಮಾಡಿ ಘಾಟಿಯಲ್ಲಾಗಲಿ, ಬಾಬಾಬುಡನ್‌ಗಿರಿಗೆ ಹತ್ತುವ ರಸ್ತೆಯಲ್ಲಾಗಲಿ, ಬ್ರೇಕು ಹಿಡಿಯುವುದೂ ತಿರುವು ತೆಗೆದುಕೊಳ್ಳುವುದೂ ಟೈರು ನೆಲದ ಮೇಲಿದ್ದರೆ ಮಾತ್ರ. ಅದಕ್ಕೇ ಹೇಳುತ್ತೇನೆ, ದುಡ್ಡು ತೆಗೆಯುವ ಮುಂಚೆ ಟೇಪು ತೆಗೆಯಿರಿ.

ಮೊದಲು ಹಳೆಯದನ್ನು ನೋಡಿ

ಅರ್ಧ ಜನಕ್ಕೆ ಹೊಸ ಶಾಕ್ ಬೇಕಾಗಿಯೇ ಇರುವುದಿಲ್ಲ. ಟೈರಿನ ಗಾಳಿ ಬೈಕಿನ ಪುಸ್ತಕದಲ್ಲಿ ಬರೆದಷ್ಟೇ ಇದೆಯಾ ನೋಡಿ. ಪೆಟ್ರೋಲ್ ಬಂಕಿನಲ್ಲಿ ಸುಮ್ನೆ ಜಾಸ್ತಿ ತುಂಬಿಸಿಕೊಂಡು ಬಂದು, ಬೈಕು ಕುಣಿಯುತ್ತದೆ ಅನ್ನುವವರು ಎಷ್ಟೋ ಜನ. ಆಮೇಲೆ ಶಾಕಿನ ರಾಡ್ ಒರೆಸಿ ನೋಡಿ. ಎಣ್ಣೆ ಜಿನುಗಿದ್ದರೆ ಅದನ್ನು ಒಳಗೇ ಹಿಡಿದಿಡುವ ಸೀಲ್ ಹೋಗಿದೆ. ಸೀಟು ಒತ್ತಿ ಬಿಟ್ಟಾಗ ಎರಡು ಮೂರು ಸಲ ತೂಗಾಡಿದರೆ ಕುಣಿತ ನಿಲ್ಲಿಸುವ ಒಳಗಿನ ಎಣ್ಣೆಯ ತಡೆ ಸತ್ತಿದೆ.

ಮೊನೊಶಾಕ್, ಅಂದ್ರೆ ಹಿಂದೆ ಒಂದೇ ಶಾಕ್ ಇರುವ ಬೈಕಿನಲ್ಲಿ ಇನ್ನೊಂದು ಜಾಗ ಉಂಟು, ಯಾರೂ ನೋಡದ ಜಾಗ. ಹಲವು ಬೈಕುಗಳಲ್ಲಿ ಶಾಕಿನ ಬುಡಕ್ಕೆ ಲಿಂಕೇಜ್ ಅನ್ನುವ ಸಣ್ಣ ಸನ್ನೆಗಳ ಜೋಡಣೆ ಇರುತ್ತದೆ, ಅದರೊಳಗೆ ಸಣ್ಣ ಸೂಜಿ ಬೇರಿಂಗುಗಳು. ನಮ್ಮ ಮಳೆಗೆ, ಕೆಸರಿಗೆ, ಜೋರು ನೀರು ಬಿಟ್ಟು ತೊಳೆಯುವ ವಾಟರ್ ಸರ್ವಿಸಿಗೆ ಅಲ್ಲಿನ ಗ್ರೀಸ್ ತೊಳೆದು ಹೋಗಿ ತುಕ್ಕು ಹಿಡಿಯುತ್ತದೆ. ಆಗ ಶಾಕ್ ಎಷ್ಟೇ ಚೆನ್ನಾಗಿರಲಿ, ಬೈಕು ಮರದ ಕೊರಡಿನ ಹಾಗೆ ಓಡುತ್ತದೆ. ಬಿಚ್ಚಿಸಿ, ತೊಳೆಸಿ, ಗ್ರೀಸ್ ಹಾಕಿಸಿ. ಇಷ್ಟರಲ್ಲೇ ಸರಿಹೋದರೆ ಇಲ್ಲಿಗೇ ಓದುವುದು ನಿಲ್ಲಿಸಿ, ಉಳಿದ ದುಡ್ಡಲ್ಲಿ ಒಳ್ಳೆಯ ಟೈರು ಹಾಕಿಸಿ.

ಟೇಪು ಹಿಡಿಯುವುದು

ಇದಕ್ಕೆ ಇಬ್ಬರು ಸಹಾಯಕ್ಕೆ ಬೇಕು. ಚಕ್ರ ಮೇಲೆ ಕೆಳಗೆ ಎಷ್ಟು ದೂರ ಓಡಾಡಬಲ್ಲದೋ ಅದು ಟ್ರಾವೆಲ್. ಹಿಮಾಲಯನ್ 411 ಬೈಕಿನ ಹಿಂದಿನ ಟ್ರಾವೆಲ್ 180 ಮಿ.ಮೀ., ಎಕ್ಸ್‌ಪಲ್ಸ್ 200ರದ್ದು 170. ನಿಮ್ಮ ಬೈಕಿನದ್ದು ಎಷ್ಟು ಅಂತ ಮೊದಲು ತಿಳಿದುಕೊಳ್ಳಿ. ನೀವು ಕೂತಾಗ ಅದರಲ್ಲಿ ಎಷ್ಟು ಇಳಿಯುತ್ತದೋ ಅದು ಸ್ಯಾಗ್. ಗುಂಡಿ ರಸ್ತೆಗೆ ಟ್ರಾವೆಲ್ಲಿನ ಸುಮಾರು ಮೂರನೇ ಒಂದು ಭಾಗ ಇಳಿಯಬೇಕು. ಬರೀ ಡಾಂಬರು ರಸ್ತೆಯವರಿಗೆ ಸ್ವಲ್ಪ ಕಮ್ಮಿ, ಕಾಲು ಭಾಗದ ಆಸುಪಾಸು. ಯಾಕೆ ಇಳಿಯಬೇಕು ಅಂತೀರಾ? ಚಕ್ರ ಗುಂಡಿಗೆ ಬೀಳುವಾಗ ಅದು ಕೆಳಗೆ ಹೋಗಬೇಕಲ್ಲ, ಕೆಳಗೆ ಹೋಗಲು ಜಾಗ ಮೊದಲೇ ಇಟ್ಟುಕೊಂಡಿರಬೇಕು. ನನ್ನ ಬೈಕಿನಲ್ಲಿ ಅವತ್ತು ಆ ಜಾಗವೇ ಇರಲಿಲ್ಲ.

ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಹಿಂದಿನ ಚಕ್ರ ಗಾಳಿಯಲ್ಲಿ ಪೂರ್ತಿ ತೂಗಬೇಕು. ಚಕ್ರದ ನಡುವೆ ಇರುವ ಆಕ್ಸಲ್ ನಟ್ಟಿನ ನಡುವಿನಿಂದ ನೇರ ಮೇಲಕ್ಕೆ ಬಾಡಿಯ ಮೇಲೆ ಒಂದು ಗುರುತು ಹಾಕಿ, ಅಳೆದು ಬರೆದುಕೊಳ್ಳಿ. ಈಗ ಬೈಕು ನೆಲಕ್ಕಿಳಿಸಿ, ಯಾರೂ ಕೂರದೆ ನೆಟ್ಟಗೆ ಹಿಡಿದು ಅಳೆಯಿರಿ. ಆಮೇಲೆ ನೀವು ಕೂತು, ಎರಡೂ ಕಾಲು ಫುಟ್‌ರೆಸ್ಟ್ ಮೇಲಿಟ್ಟು, ಇನ್ನೊಬ್ಬರು ಹ್ಯಾಂಡಲ್ ಹಿಡಿದಿರುವಾಗ ಮೂರನೆಯವರು ಅಳೆಯಲಿ. ಮಾಮೂಲಿಯಾಗಿ ಹೇಗೆ ಹೋಗುತ್ತೀರೋ ಹಾಗೇ ಕೂರಬೇಕು. ಹೆಲ್ಮೆಟ್, ರೇನ್‌ಕೋಟು, ಗಂಬೂಟು, ಬೆನ್ನಿನ ಚೀಲ ಎಲ್ಲಾ ಇರಲಿ. ಬನಿಯನ್ ಹಾಕಿಕೊಂಡು ಅಳೆದ ಸ್ಯಾಗ್ ಮಳೆಗಾಲಕ್ಕೆ ಉಪಯೋಗವಿಲ್ಲ.

ಒಂದು ಸೂಕ್ಷ್ಮ ಇದೆ. ಸೀಲುಗಳ ತಿಕ್ಕಾಟದಿಂದ ಬೈಕು ಪ್ರತಿ ಸಲ ಒಂದೇ ಎತ್ತರಕ್ಕೆ ಬಂದು ನಿಲ್ಲುವುದಿಲ್ಲ. ಒಮ್ಮೆ ಕೆಳಗೆ ಒತ್ತಿ ಮೆಲ್ಲಗೆ ಬಿಟ್ಟು ಅಳೆಯಿರಿ, ಇನ್ನೊಮ್ಮೆ ಮೇಲಕ್ಕೆತ್ತಿ ಮೆಲ್ಲಗೆ ಬಿಟ್ಟು ಅಳೆಯಿರಿ, ಎರಡರ ನಡುವಿನದ್ದು ಹಿಡಿಯಿರಿ.

ಲೆಕ್ಕ ಹೀಗೆ. ತೂಗುವಾಗ 620 ಮಿ.ಮೀ., ಬರೀ ಬೈಕು ನಿಂತಾಗ 600, ನೀವು ಕೂತಾಗ 550 ಬಂತು ಅಂತಿಟ್ಟುಕೊಳ್ಳಿ. ಬೈಕಿನದ್ದೇ ಸ್ಯಾಗ್ 20, ನಿಮ್ಮನ್ನೂ ಸೇರಿಸಿ 70. ಟ್ರಾವೆಲ್ 180 ಇದ್ದರೆ ಬೇಕಾದ್ದು 60ರ ಹತ್ತಿರ. ಹತ್ತು ಮಿ.ಮೀ. ಜಾಸ್ತಿ ಇಳಿದಿದೆ. ಕಾಲರನ್ನು ಸಿ ಸ್ಪ್ಯಾನರಿನಿಂದ ಸ್ವಲ್ಪ ಬಿಗಿ ಮಾಡಿ, ಮತ್ತೆ ಅಳೆಯಬೇಕು.

ಕಾಲರ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ

ಇದೊಂದು ಮಾತು ತಲೆಯಲ್ಲಿ ಕೂತರೆ ಸಾಕು, ಉಳಿದದ್ದು ಸುಲಭ. ಕಾಲರ್ ಬಿಗಿ ಮಾಡುವುದಕ್ಕೆ ಪ್ರೀಲೋಡ್ ಅಂತಾರೆ. ಸ್ಪ್ರಿಂಗಿನ ಮೇಲೆ 90 ಅಂತ ಬರೆದಿದ್ದು ಅದು ನ್ಯೂಟನ್ ಲೆಕ್ಕದಲ್ಲಿದ್ದರೆ, ಅದನ್ನು 1 ಮಿ.ಮೀ. ಅದುಮಲು 90 ನ್ಯೂಟನ್ ಬಲ ಬೇಕು, ಅಂದ್ರೆ ಸುಮಾರು 9 ಕೆ.ಜಿ. ತೂಕ. ಒಂದೇ ಹದದಲ್ಲಿ ಸುತ್ತಿದ ಸ್ಪ್ರಿಂಗನ್ನು ನೀವು ಹತ್ತು ಮಿ.ಮೀ. ಬಿಗಿ ಮಾಡಿದರೂ ಮುಂದಿನ ಪ್ರತಿ ಮಿ.ಮೀ.ಗೆ ಅದೇ 9 ಕೆ.ಜಿ. ಬದಲಾಗುವುದು ಬೈಕು ನಿಲ್ಲುವ ಎತ್ತರ ಮಾತ್ರ.

ಹಾಗಾದರೆ ಸ್ಪ್ರಿಂಗೇ ತಪ್ಪಾಗಿದೆ ಅಂತ ಗೊತ್ತಾಗುವುದು ಹೇಗೆ? ನೀವು ಕೂತಾಗಿನ ಸ್ಯಾಗನ್ನು 60ಕ್ಕೆ ತಂದು ನಿಲ್ಲಿಸಿ. ಈಗ ಇಳಿದು ಬರೀ ಬೈಕಿನ ಸ್ಯಾಗ್ ನೋಡಿ. ಅದು ಸೊನ್ನೆಗೆ ಬಂದುಬಿಟ್ಟಿದ್ದರೆ ಸ್ಪ್ರಿಂಗ್ ನಿಮಗೆ ಮೆದು, ಅದನ್ನು ಹಿಂಡಿ ಹಿಂಡಿ ಎತ್ತರಕ್ಕೆ ತಂದಿದ್ದೀರಿ. ಅದು 35, 40 ಬಂದರೆ ಸ್ಪ್ರಿಂಗ್ ನಿಮಗೆ ಗಟ್ಟಿ. ಮೊದಲ ಸಲ ಕೇಳಿದಾಗ ಇದು ಉಲ್ಟಾ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ಯೋಚನೆ ಮಾಡಿ. ಗಟ್ಟಿ ಸ್ಪ್ರಿಂಗ್ ನೀವು ಕೂತರೂ ಇಳಿಯಲ್ಲ, ಅದಕ್ಕೇ ಕಾಲರ್ ಸಡಿಲ ಬಿಟ್ಟು 60 ಮಾಡಿದ್ದೀರಿ, ಸಡಿಲ ಬಿಟ್ಟಿದ್ದರಿಂದ ಬೈಕು ತನ್ನ ಭಾರಕ್ಕೇ ಅಷ್ಟು ಕೂತುಬಿಟ್ಟಿದೆ. ಹತ್ತರಿಂದ ಇಪ್ಪತ್ತರ ಆಸುಪಾಸು ಬಂದರೆ ಸ್ಪ್ರಿಂಗ್ ನಿಮ್ಮದೇ.

ತೋಟದವರಿಗೆ ಇನ್ನೊಂದು ತೊಡಕು ಇದೆ. ಬೆಳಿಗ್ಗೆ ಒಬ್ಬರೇ ಹೋಗುತ್ತೀರಿ, ಸಂಜೆ ಹಿಂದೆ 50 ಕೆ.ಜಿ. ಮೂಟೆ. ಎರಡಕ್ಕೂ ಒಂದೇ ಸ್ಪ್ರಿಂಗ್ ಪೂರ್ತಿ ಹೊಂದುವುದಿಲ್ಲ. ವಾರದಲ್ಲಿ ಜಾಸ್ತಿ ದಿನ ಯಾವ ಭಾರದಲ್ಲಿ ಓಡಿಸುತ್ತೀರೋ ಅದಕ್ಕೆ ಸ್ಪ್ರಿಂಗ್ ಆರಿಸಿ, ಉಳಿದ ದಿನಕ್ಕೆ ಪ್ರೀಲೋಡ್ ಬದಲಾಯಿಸಿ. ಕೈಯಲ್ಲೇ ತಿರುಗಿಸುವ ಹೈಡ್ರಾಲಿಕ್ ಪ್ರೀಲೋಡ್ ಗುಬುಟು ಇರುವ ಶಾಕುಗಳು ಸಿಗುತ್ತವೆ. ದಿನಾ ಭಾರ ಬದಲಾಗುವವರು ಮಿಕ್ಕ ಸೌಲಭ್ಯ ಬಿಟ್ಟಾದರೂ ಇದಕ್ಕೆ ದುಡ್ಡು ಹಾಕಬಹುದು.

ಈಗ ಅಂಗಡಿಗೆ ಹೋಗಿ

ಹೆಸರು ಬೇಕಾದಷ್ಟಿವೆ. ಸ್ವೀಡನ್ನಿನ ಓಲಿನ್ಸ್, ಥಾಯ್ಲೆಂಡಿನ ವೈಎಸ್‌ಎಸ್, ಇಂಗ್ಲೆಂಡಿನ ನೈಟ್ರಾನ್, ಇನ್ನೂ ಹಲವು. ಹೆಸರು ಕೇಳುವ ಮುಂಚೆ ಇಷ್ಟು ಕೇಳಿ. ನನ್ನ ಬೈಕಿನ ಮಾಡೆಲ್ಲಿಗೇ ಮಾಡಿದ್ದಾ? ನನ್ನ ತೂಕಕ್ಕೆ ಸ್ಪ್ರಿಂಗ್ ಆರಿಸಿ ಕೊಡುತ್ತೀರಾ? ಸೀಲ್ ಹೋದರೆ ಬಿಚ್ಚಿ ಸರಿಮಾಡಬಹುದಾ, ಯಾರು ಮಾಡುತ್ತಾರೆ, ಸಾಮಾನು ಸಿಗುತ್ತದಾ? ಬಿಚ್ಚಲಾಗದ ಶಾಕ್ ಎಷ್ಟೇ ಅಗ್ಗವಾಗಿದ್ದರೂ ನಮ್ಮ ರಸ್ತೆಗೆ ದುಬಾರಿಯೇ.

ಉದ್ದ ಸರಿಯಾಗಿರಲೇಬೇಕು. ಮೇಲಿನ ಬೋಲ್ಟ್ ತೂತಿನ ನಡುವಿನಿಂದ ಕೆಳಗಿನದರ ನಡುವಿನವರೆಗೆ ಅಳೆದದ್ದು ಹಳೆಯದರಷ್ಟೇ ಇರಬೇಕು. ಮೊನೊಶಾಕ್ ಬೈಕಿನಲ್ಲಿ ಶಾಕ್ ಒಂದು ಮಿ.ಮೀ. ಅದುಮಿದರೆ ಚಕ್ರ ಎರಡು, ಮೂರು ಮಿ.ಮೀ. ಏಳುತ್ತದೆ. ಹಾಗಾಗಿ ಹತ್ತು ಮಿ.ಮೀ. ಉದ್ದದ ಶಾಕ್ ಹಾಕಿದರೆ ಬೈಕಿನ ಹಿಂಭಾಗ ಎರಡರಿಂದ ಮೂರು ಸೆಂಟಿಮೀಟರ್ ಎತ್ತರವಾಗಿ, ಮುಂಭಾಗ ತಗ್ಗಿ, ಹ್ಯಾಂಡಲ್ ಚುರುಕಾಗಿ, ಸೈಡ್ ಸ್ಟ್ಯಾಂಡ್ ಗಿಡ್ಡವಾಗಿ ಬೈಕು ಹೆಚ್ಚು ವಾಲಿ, ಚೈನಿನ ಬಿಗಿಯೂ ಬದಲಾಗುತ್ತದೆ. ಬೇರೆ ಬೈಕಿನ ಶಾಕನ್ನು ಬೋಲ್ಟ್ ತೂತಿಗೆ ಬುಷ್ ಕಡೆದು ಕೂರಿಸುವ ಮೆಕ್ಯಾನಿಕ್‌ಗಳ ಕೈಚಳಕ ಮೆಚ್ಚಬೇಕಾದ್ದೇ, ಆದರೆ ಘಾಟಿ ಇಳಿಯುವ ಬೈಕಿಗೆ ಅದು ಬೇಡ.

ಒಳಗಿನ ವಿಷಯ ಸ್ವಲ್ಪ. ಕಡಿಮೆ ಬೆಲೆಯ ಶಾಕುಗಳಲ್ಲಿ ಎಣ್ಣೆ, ಗ್ಯಾಸು ಒಂದೇ ಕೊಳವೆಯಲ್ಲಿ ಇರುತ್ತವೆ. ಕಾಫಿಯನ್ನು ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ದರೆ ನೊರೆ ಬರುತ್ತಲ್ಲ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಷ್ಟು ಹೊತ್ತು ಗುಂಡಿ ಹೊಡೆದರೆ ಒಳಗೆ ಅದೇ ಆಗುತ್ತದೆ. ಎಣ್ಣೆ ಬಿಸಿಯಾಗಿ ತೆಳುವಾಗುತ್ತದೆ, ನೊರೆ ಎದ್ದರೆ ತಡೆಯುವ ಶಕ್ತಿ ಇನ್ನೂ ಕಮ್ಮಿ. ಮೇಲಿನ ದರ್ಜೆಯವುಗಳಲ್ಲಿ ಎಣ್ಣೆಯ ಮತ್ತು ನೈಟ್ರೋಜನ್ನಿನ ನಡುವೆ ಒಂದು ಪಿಸ್ಟನ್ ಇರುತ್ತದೆ. ಪಕ್ಕದಲ್ಲಿ ಸಣ್ಣ ಡಬ್ಬಿ ಇದ್ದರೆ ಎಣ್ಣೆಯೂ ಜಾಸ್ತಿ, ಬೇಗ ಬಿಸಿಯಾಗಲ್ಲ. ಪೇಟೆಯೊಳಗೆ ಓಡಾಡುವವರಿಗೆ ಡಬ್ಬಿ ಬೇಕಿಲ್ಲ. ವಾರಕ್ಕೆರಡು ಸಲ ಘಾಟಿ ಇಳಿಯುವವರಿಗೆ ಬೇಕು. ಆ ನೈಟ್ರೋಜನ್ ಟೈರಿನ ಗಾಳಿಗಿಂತ ಹಲವು ಪಟ್ಟು ಒತ್ತಡದಲ್ಲಿರುತ್ತದೆ, ಮನೆಯಲ್ಲಿ ಬಿಚ್ಚಲು ದಯವಿಟ್ಟು ಹೋಗಬೇಡಿ.

ಕ್ಲಿಕ್ಕುಗಳು

ಹೊಸ ಶಾಕ್ ಕೂತ ಮೇಲೆ ಮೊದಲ ಕೆಲಸ ಮತ್ತೆ ಸ್ಯಾಗ್. ಅದಾದ ಮೇಲೇ ಕ್ಲಿಕ್ಕರುಗಳಿಗೆ, ಅಂದ್ರೆ ಟಿಕ್ ಟಿಕ್ ಅಂತ ತಿರುಗುವ ಗುಬುಟುಗಳಿಗೆ, ಕೈ ಹಾಕಿ. ರಾಡ್ ಒಳಗೆ ಹೋಗುವುದನ್ನು ತಡೆಯುವುದು ಕಂಪ್ರೆಶನ್, ಹೊರಗೆ ಬರುವುದನ್ನು ತಡೆಯುವುದು ರಿಬೌಂಡ್. ಗುಬುಟನ್ನು ಪ್ರದಕ್ಷಿಣೆಯಾಗಿ ತಿರುಗಿಸಿ, ತಡೆ ಸಿಕ್ಕಿದ ಕೂಡಲೇ ನಿಲ್ಲಿಸಿ, ಬಲ ಹಾಕಬೇಡಿ. ಅಲ್ಲಿಂದ ಹಿಂದಕ್ಕೆ ಎಣಿಸಿ. ಕಂಪನಿ ಹೇಳಿದ ಸಂಖ್ಯೆಗೆ ತಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎರಡು ಶಾಕಿನ ಬೈಕಾದರೆ ಎರಡೂ ಕಡೆ ಒಂದೇ ಇರಬೇಕು.

ಪ್ರಯೋಗಕ್ಕೆ ಒಂದೇ ರಸ್ತೆ ಇಟ್ಟುಕೊಳ್ಳಿ. ಎರಡು ಮೂರು ಕಿಲೋಮೀಟರ್ ಸಾಕು, ಅದರಲ್ಲಿ ಒಂದು ಹಂಪು, ನಾಲ್ಕು ಗುಂಡಿ, ಒಂದು ಬ್ರೇಕು ಹಿಡಿಯುವ ತಿರುವು, ಒಂದಿಷ್ಟು ಕಲ್ಲು ಹಾಸಿದ ದಾರಿ ಇರಲಿ. ಮುಳ್ಳಯ್ಯನಗಿರಿ ರಸ್ತೆಯಲ್ಲಿ ಇದನ್ನು ಮಾಡಬೇಡಿ, ಕಿರಿದಾದ ರಸ್ತೆ, ಎದುರಿಗೆ ಬರುವವರು ಗಾಬರಿಯಲ್ಲಿರುತ್ತಾರೆ.

ಒಂದು ಸಲಕ್ಕೆ ಒಂದೇ ಗುಬುಟು, ಎರಡೇ ಕ್ಲಿಕ್ಕು. ಮೊದಲು ರಿಬೌಂಡ್. ಹಂಪು ಹಾರಿದ ಮೇಲೆ ಸೀಟು ನಿಮ್ಮನ್ನು ಮೇಲಕ್ಕೆ ಎಸೆದರೆ, ತಿರುವಿನಲ್ಲಿ ಹಿಂಭಾಗ ತೂಗಾಡಿದರೆ ರಿಬೌಂಡ್ ಕಮ್ಮಿಯಾಗಿದೆ, ಎರಡು ಕ್ಲಿಕ್ ಒಳಗೆ, ಅಂದ್ರೆ ಪ್ರದಕ್ಷಿಣೆಯಾಗಿ, ತಿರುಗಿಸಿ. ಇದು ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗದೇ ಇರುವುದು ಇದರ ವಿರುದ್ಧದ ತೊಂದರೆ. ರಿಬೌಂಡ್ ಜಾಸ್ತಿಯಾದರೆ ಚಕ್ರ ನಿಧಾನಕ್ಕೆ ಕೆಳಗೆ ಬರುತ್ತದೆ, ಕಲ್ಲು ಹಾಸಿದ ತೋಟದ ದಾರಿಯಲ್ಲಿ ಒಂದು ಕಲ್ಲಿನಿಂದ ಚಕ್ರ ಪೂರ್ತಿ ಇಳಿಯುವ ಮುಂಚೆ ಇನ್ನೊಂದು ಕಲ್ಲು ಬಂದು ಮತ್ತೆ ಒತ್ತುತ್ತದೆ, ಹೀಗೆ ಹತ್ತು ಕಲ್ಲಾಗುವಷ್ಟರಲ್ಲಿ ಶಾಕ್ ಕೆಳಗೇ ಸಿಕ್ಕಿಕೊಂಡು ಬೈಕು ಕಲ್ಲಿನಷ್ಟೇ ಗಟ್ಟಿ ಅನ್ನಿಸುತ್ತದೆ. ಆಗ ಎಲ್ಲರೂ ಕಂಪ್ರೆಶನ್ ಸಡಿಲ ಮಾಡುತ್ತಾರೆ. ಅದರಿಂದ ಇನ್ನೂ ಕೆಳಗೆ ಕೂರುತ್ತದೆ. ಮೊದಲ ಕಲ್ಲಿಗೆ ಮೆತ್ತಗಿದ್ದು ಹೋಗ್ತಾ ಹೋಗ್ತಾ ಗಟ್ಟಿಯಾದರೆ ರಿಬೌಂಡನ್ನೇ ಎರಡು ಕ್ಲಿಕ್ ಹೊರಗೆ ತನ್ನಿ. ಮೊದಲ ಕಲ್ಲಿಗೇ ಸೊಂಟಕ್ಕೆ ಹೊಡೆದರೆ ಮಾತ್ರ ಕಂಪ್ರೆಶನ್ ಕಮ್ಮಿ ಮಾಡಿ.

ಕೆಲವು ಶಾಕುಗಳಲ್ಲಿ ಕಂಪ್ರೆಶನ್ನಿಗೆ ಹೈ ಸ್ಪೀಡ್, ಲೋ ಸ್ಪೀಡ್ ಅಂತ ಎರಡು ಗುಬುಟು ಇರುತ್ತವೆ. ಇದು ಬೈಕಿನ ವೇಗವಲ್ಲ, ರಾಡ್ ಒಳಹೋಗುವ ವೇಗ. ಇಪ್ಪತ್ತರ ವೇಗದಲ್ಲಿ ಚೂಪು ಅಂಚಿನ ಗುಂಡಿಗೆ ಬಿದ್ದರೂ ಅದು ಹೈ ಸ್ಪೀಡ್. ನಿಧಾನಕ್ಕೆ ವಾಲುವುದು, ಮೂಟೆಯ ಭಾರಕ್ಕೆ ಏರಿನಲ್ಲಿ ಕೂರುವುದು ಲೋ ಸ್ಪೀಡ್.

ಟ್ರಾವೆಲ್ ಎಷ್ಟು ಖರ್ಚಾಗುತ್ತಿದೆ ಅಂತ ನೋಡಲು ಶಾಕಿನ ರಾಡಿಗೂ ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಕೊಳವೆಗೂ ಒಂದೊಂದು ಸಣ್ಣ ಕೇಬಲ್ ಟೈ ಕಟ್ಟಿ. ಎಲ್ಲಿಗೆ ತಳ್ಳಿಕೊಂಡು ನಿಂತಿದೆ ಅಂತ ರಸ್ತೆ ಮುಗಿದ ಮೇಲೆ ನೋಡಿ. ಅತಿ ಕೆಟ್ಟ ಗುಂಡಿಗೆ ಹತ್ತಿರ ಹತ್ತಿರ ಪೂರ್ತಿ ಹೋಗಬೇಕು. ಎಷ್ಟೇ ಹೊಡೆದರೂ ಮೂರು ಸೆಂಟಿಮೀಟರ್ ಉಳಿದೇ ಇರುತ್ತದೆ ಅಂದ್ರೆ ನೀವು ದುಡ್ಡು ಕೊಟ್ಟ ಟ್ರಾವೆಲ್ ನಿಮಗೆ ಸಿಗುತ್ತಿಲ್ಲ.

ಮುಂದಿನ ಫೋರ್ಕ್ ಮರೆಯಬೇಡಿ

ಹಿಂದೆ ಮಾತ್ರ ಸರಿಮಾಡಿದರೆ ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಮುಂಭಾಗ ಮುಗ್ಗರಿಸುತ್ತದೆ. ಮುಂದೆಯೂ ಅದೇ ರೀತಿ ಸ್ಯಾಗ್ ಅಳೆಯಿರಿ. ಹಳೆಯ ಫೋರ್ಕ್ ಆಯಿಲ್ ಬದಲಾಯಿಸುವುದು ಈ ಇಡೀ ಲೇಖನದಲ್ಲೇ ಅಗ್ಗದ ಕೆಲಸ, ಎಷ್ಟೋ ಬೈಕುಗಳಲ್ಲಿ ಕೊಂಡ ದಿನದ ಆಯಿಲ್ಲೇ ಕಪ್ಪಾಗಿ ಕೂತಿರುತ್ತದೆ. ಫೋರ್ಕಿನ ಎರಡೂ ಕಾಲಿನಲ್ಲಿ ಆಯಿಲ್ ಒಂದೇ ಮಟ್ಟ ಇರಬೇಕು. ಕೊಳವೆಯ ಮೇಲೆ ಕೆಸರು ಒಣಗಲು ಬಿಡಬೇಡಿ, ಒಣಗಿದ ಮಣ್ಣು ಸೀಲನ್ನು ಉಪ್ಪುಕಾಗದದ ಹಾಗೆ ತಿನ್ನುತ್ತದೆ. ಮನೆಗೆ ಬಂದ ಕೂಡಲೇ ಒಂದು ಒದ್ದೆ ಬಟ್ಟೆ ಸಾಕು.

ಹೊಸ ಶಾಕ್ ಹಾಕಿ ಒಂದೈನೂರು ಕಿಲೋಮೀಟರ್ ಆದ ಮೇಲೆ ಕಾಲರಿನ ಲಾಕ್ ನಟ್ಟು, ಮೇಲಿನ ಕೆಳಗಿನ ಬೋಲ್ಟು ಬಿಗಿ ಇವೆಯಾ ನೋಡಿ, ಸ್ಯಾಗ್ ಇನ್ನೊಮ್ಮೆ ಅಳೆಯಿರಿ. ಹೊಸ ಸೀಲು, ಬುಷ್ಷು ಪಳಗಿದಾಗ ನಾಲ್ಕೈದು ಮಿ.ಮೀ. ಆಚೀಚೆ ಆಗಬಹುದು. ಆ ನೋಟ್‌ಬುಕ್ಕನ್ನು ಸೀಟಿನ ಕೆಳಗೆ ಟೂಲ್ ಕಿಟ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಡಿ, ಮುಂದಿನ ಸಲ ಮೂಟೆ ಹೇರುವಾಗ ಬೇಕಾಗುತ್ತದೆ.